ಫ್ರೆಶರ್ ನರ್ಸ್ ಕೆಲಸಕ್ಕೆ ಅರ್ಜಿ ಹಾಕುವವರಿಗೆ, ಮೇಜಿನ ಈ ಕಡೆಯಿಂದ

ಈ ಸಲದ ಫ್ರೆಶರ್ ನರ್ಸ್‌ಗಳ ಇಂಟರ್‌ವ್ಯೂ ಮುಗಿಯಿತು. ನಾನು ಮೆಡಿಕಲ್ ವಾರ್ಡ್ ಇನ್‌ಚಾರ್ಜ್. ಹೊಸ ಬ್ಯಾಚ್ ತಗೊಳ್ಳುವಾಗ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ನನ್ನನ್ನೂ ಕೂರಿಸಿಕೊಳ್ಳುತ್ತಾರೆ. ಆಯ್ಕೆಯಾದವರು ನಾಳೆ ಬಂದು ನಿಲ್ಲುವುದು ನಮ್ಮಂಥವರ ವಾರ್ಡಿನಲ್ಲೇ ಅಲ್ವಾ. ಇರುವ ಜಾಗ ಬೆರಳೆಣಿಕೆಯಷ್ಟು, ಬರುವ ಅರ್ಜಿ ರಾಶಿ ರಾಶಿ. ವಾಪಸ್ ಕಳಿಸಿದವರಲ್ಲಿ ಒಳ್ಳೆಯ ಮಕ್ಕಳು ತುಂಬಾ ಜನ ಇದ್ದರು. ಅವರಿಗೆ ಕೆಲಸ ಬರುತ್ತಿತ್ತು. ಬರುತ್ತದೆ ಅಂತ ನಮಗೆ ತೋರಿಸಲು ಆಗಲಿಲ್ಲ. ಪ್ರತಿ ಸಲವೂ ಇದು ನನಗೆ ಸಂಕಟ ಕೊಡುತ್ತದೆ. ಅದಕ್ಕೇ ಬರೆಯಲು ಕೂತಿದ್ದೇನೆ.

ಮೊದಲು ಒಂದು ಪ್ರಶ್ನೆ ಬಗೆಹರಿಸೋಣ. ವಾರ್ಡಿನಲ್ಲಿ ಕೈ ಸಾಲದೆ ಎಲ್ಲರೂ ಓಡಾಡುತ್ತಿರುತ್ತಾರೆ, ಆದರೂ ಫ್ರೆಶರ್‌ಗಳಿಗೆ ಇಷ್ಟು ಕಮ್ಮಿ ಜಾಗ ಯಾಕೆ? ಓದು ಮುಗಿಸಿ ಬಂದ ಮಗುವನ್ನು ಮೊದಲ ದಿನವೇ ರೋಗಿಗಳ ಮುಂದೆ ಒಂಟಿಯಾಗಿ ನಿಲ್ಲಿಸಲು ಆಗುವುದಿಲ್ಲ. ಪಕ್ಕದಲ್ಲಿ ಒಬ್ಬರು ಪ್ರೆಸೆಪ್ಟರ್ ಬೇಕು. ಆ ಪ್ರೆಸೆಪ್ಟರ್ ಅಂದರೆ ನಮ್ಮ ವಾರ್ಡಿನ ಒಳ್ಳೆಯ ಸೀನಿಯರ್. ಅವರಿಗೂ ಅವರದೇ ರೋಗಿಗಳಿರುತ್ತಾರೆ. ಹೀಗಾಗಿ ಎಷ್ಟು ಫ್ರೆಶರ್‌ಗಳನ್ನು ತಗೊಳ್ಳಬಹುದು ಅನ್ನುವುದು ಎಷ್ಟು ಜನ ಕಲಿಸಬಲ್ಲರು ಅನ್ನುವುದರ ಮೇಲೆ ನಿಂತಿದೆ. ನನ್ನ ವಾರ್ಡಿನಿಂದ ಇಬ್ಬರು ಸೀನಿಯರ್‌ಗಳು ಬಿಟ್ಟು ಹೋದರೆ ಖಾಲಿ ಹುದ್ದೆ ಎರಡು ಹೆಚ್ಚಾಗುತ್ತದೆ, ಆದರೆ ಫ್ರೆಶರ್‌ಗಳ ಜಾಗ ಎರಡು ಕಮ್ಮಿಯಾಗುತ್ತದೆ. ನಿಮಗೆ ಬಂದ 'ಆಯ್ಕೆಯಾಗಿಲ್ಲ' ಅನ್ನುವ ಮೇಲ್ ಹಿಂದೆ ಹಲವು ಸಲ ಇಷ್ಟೇ ಇರುತ್ತದೆ.

ಇನ್ನೊಂದು ಭಯವೂ ಇದೆ. ಹೊಸಬರು ಮೊದಲ ವರ್ಷದಲ್ಲೇ ಬಿಟ್ಟು ಹೋಗುತ್ತಾರೆ ಅನ್ನುವುದು. ಕಾಲೇಜಿನಲ್ಲಿ ಕಲಿತ ನರ್ಸಿಂಗ್ ಒಂದು, ವಾರ್ಡಿನಲ್ಲಿ ಕಾಣುವುದು ಇನ್ನೊಂದು ಅನ್ನಿಸಿದಾಗ ಆಗುವ ಆಘಾತಕ್ಕೆ ಅಮೆರಿಕದ ನರ್ಸಿಂಗ್ ಸಂಶೋಧಕಿ ಮಾರ್ಲೀನ್ ಕ್ರೇಮರ್ 1974ರಲ್ಲೇ 'ರಿಯಾಲಿಟಿ ಶಾಕ್' ಅಂತ ಹೆಸರು ಕೊಟ್ಟರು. ಇವತ್ತಿಗೂ ಅದು ಹಾಗೇ ಇದೆ. ಮೊದಲ ಕೆಲವು ತಿಂಗಳು ಮಕ್ಕಳು ಸ್ಟೋರ್ ರೂಮಿನಲ್ಲಿ ಅಳುವುದನ್ನು ನಾನು ನೋಡಿದ್ದೇನೆ, ಪಕ್ಕದಲ್ಲಿ ಕೂತಿದ್ದೇನೆ. ಹಾಗಾಗಿ ಪ್ಯಾನೆಲ್‌ನಲ್ಲಿ ನಾವು ಮನಸ್ಸಿನಲ್ಲೇ ಕೇಳಿಕೊಳ್ಳುವುದು ಎರಡೇ. ಈ ಮಗುವಿನ ಕೈಯಲ್ಲಿ ರೋಗಿ ಸುರಕ್ಷಿತವಾಗಿರುತ್ತಾನಾ? ಈ ಮಗು ಕಲಿಯುವವರೆಗೆ ಇಲ್ಲಿ ನಿಲ್ಲುತ್ತದಾ? ನಮ್ಮ ಬೇರೆ ಪ್ರಶ್ನೆಗಳೆಲ್ಲ ಇವುಗಳ ಸುತ್ತವೇ ತಿರುಗುತ್ತವೆ.

ಈಗ ರೆಸ್ಯೂಮೆಗೆ ಬರೋಣ. 'ಕಷ್ಟಪಟ್ಟು ದುಡಿಯುವವಳು, ಕರುಣೆ ಉಳ್ಳವಳು, ಎಲ್ಲರ ಜೊತೆ ಹೊಂದಿಕೊಂಡು ಹೋಗುವವಳು.' ಮೇಲಿನ ನಾಲ್ಕು ಸಾಲು ಎಲ್ಲರದ್ದೂ ಇದೇ. ನಾನು ಅದನ್ನು ಓದುವುದೇ ಇಲ್ಲ, ನೇರವಾಗಿ ಪೋಸ್ಟಿಂಗ್‌ಗಳಿಗೆ ಹೋಗುತ್ತೇನೆ. ಅಲ್ಲಿ ಬಹಳ ಜನ 'ಮೆಡಿಕಲ್ ವಾರ್ಡ್, ಸರ್ಜಿಕಲ್ ವಾರ್ಡ್, ಮಕ್ಕಳ ವಾರ್ಡ್, ಒಟಿ' ಅಂತ ಬರೆದು ಬಿಟ್ಟುಬಿಡುತ್ತಾರೆ. ಇದು ಎಲ್ಲ ವಿದ್ಯಾರ್ಥಿಗಳೂ ಮಾಡುವ ಪೋಸ್ಟಿಂಗೇ. ಇದರಿಂದ ನಿಮ್ಮ ಬಗ್ಗೆ ನನಗೇನು ಗೊತ್ತಾಯಿತು?

ಈ ಸಲ ಒಬ್ಬಳು ಹೀಗೆ ಬರೆದಿದ್ದಳು: '30 ಹಾಸಿಗೆಯ ಮೆಡಿಕಲ್ ವಾರ್ಡ್, ಕೊನೆಯ ವರ್ಷ. ಸ್ಟಾಫ್ ನರ್ಸ್ ಮೇಲ್ವಿಚಾರಣೆಯಲ್ಲಿ ಒಂದು ಶಿಫ್ಟಿಗೆ 4 ರೋಗಿಗಳ ಪೂರ್ತಿ ಆರೈಕೆ. ಹೆಚ್ಚಾಗಿ ಹಾರ್ಟ್ ಫೇಲ್ಯೂರ್, ಶುಗರ್, ಸಿಒಪಿಡಿ. ಇನ್‌ಟೇಕ್ ಔಟ್‌ಪುಟ್ ಚಾರ್ಟ್, ಇನ್ಸುಲಿನ್, ನೆಬ್ಯುಲೈಸೇಶನ್, ಮನೆಗೆ ಹೋಗುವಾಗ ಮಾತ್ರೆಗಳ ಬಗ್ಗೆ ತಿಳಿಸಿ ಹೇಳುವುದು.' ಇಷ್ಟೇ. ಅಲಂಕಾರ ಏನೂ ಇಲ್ಲ. ಓದುತ್ತಿದ್ದಂತೆ ಆ ಹುಡುಗಿ ವಾರ್ಡಿನಲ್ಲಿ ಓಡಾಡುವುದು ನನಗೆ ಕಣ್ಣಿಗೆ ಕಂಡಿತು. ಅವಳನ್ನು ಏನು ಕೇಳಬೇಕು ಅನ್ನುವುದೂ ತಕ್ಷಣ ಹೊಳೆಯಿತು. ಹಾರ್ಟ್ ಫೇಲ್ಯೂರ್ ರೋಗಿಯನ್ನು ದಿನಾ ಬೆಳಿಗ್ಗೆ ಯಾಕೆ ತೂಕ ಮಾಡ್ತೀರಿ ಅಂತ ಕೇಳಿದೆ. ಮೈಯಲ್ಲಿ ನೀರು ನಿಲ್ಲುವುದು ಊತಕ್ಕಿಂತ ಮುಂಚೆ ತೂಕದಲ್ಲಿ ಗೊತ್ತಾಗುತ್ತದೆ, ಹಾಗಾಗಿ ಒಂದೇ ಹೊತ್ತಿಗೆ, ಒಂದೇ ಮಶಿನ್‌ನಲ್ಲಿ, ಮೂತ್ರಕ್ಕೆ ಹೋಗಿ ಬಂದ ಮೇಲೆ ನೋಡಬೇಕು ಅಂದಳು. ಬರೆದದ್ದನ್ನು ನಿಜವಾಗಿ ಮಾಡಿದ್ದಾಳೆ ಅಂತ ಗೊತ್ತಾಗಲು ಅಷ್ಟು ಸಾಕು.

ಇದಕ್ಕೆ ತದ್ವಿರುದ್ಧವಾಗಿ, ಐಸಿಯುನಲ್ಲಿ ಕೆಲವು ದಿನ ನಿಂತು ನೋಡಿದ್ದನ್ನು 'ವೆಂಟಿಲೇಟರ್ ಮ್ಯಾನೇಜ್‌ಮೆಂಟ್' ಅಂತ ಬರೆಯಬೇಡಿ. ನಾವು ಕೇಳಿಯೇ ಕೇಳುತ್ತೇವೆ. 'ನೋಡಿದ್ದೇನೆ' ಅಥವಾ 'ಸಹಾಯ ಮಾಡಿದ್ದೇನೆ' ಅಂತ ಬರೆದರೆ ಯಾರೂ ನಿಮ್ಮನ್ನು ಕಮ್ಮಿ ಅಂದುಕೊಳ್ಳುವುದಿಲ್ಲ. ವಿದ್ಯಾರ್ಥಿಗೆ ಏನು ಮಾಡಲು ಬಿಡುತ್ತಾರೆ ಅಂತ ನಮಗೆ ಗೊತ್ತು.

ಓದುವಾಗ ಅಂಗಡಿಯಲ್ಲಿ ದುಡಿದಿದ್ದರೆ, ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಂಡಿದ್ದರೆ ಅದನ್ನೂ ಬರೆಯಿರಿ. ಸಿಟ್ಟಾದ ಗಿರಾಕಿಯನ್ನು ಸಮಾಧಾನ ಮಾಡಿದವರಿಗೆ ರೋಗಿಯ ಕಡೆಯವರ ಸಿಟ್ಟು ಅಷ್ಟು ಹೊಸದಾಗಿರುವುದಿಲ್ಲ. ಮಕ್ಕಳು ಇದನ್ನು ಯಾಕೆ ಬಚ್ಚಿಡುತ್ತಾರೋ ನನಗೆ ಅರ್ಥವೇ ಆಗುವುದಿಲ್ಲ.

ದೊಡ್ಡ ಆಸ್ಪತ್ರೆಗಳಲ್ಲಿ ಅರ್ಜಿಯನ್ನು ಮನುಷ್ಯರಿಗಿಂತ ಮುಂಚೆ ಸಾಫ್ಟ್‌ವೇರ್ ಜಾಲಾಡುವುದು ಉಂಟು. ಹಾಗಾಗಿ ಜಾಹೀರಾತಿನಲ್ಲಿ ಬಳಸಿದ ಪದಗಳನ್ನೇ, ನಿಮಗೆ ಹೊಂದುವ ಕಡೆ, ನೀವೂ ಬಳಸಿ. ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಶನ್ ಯಾವ ಹಂತದಲ್ಲಿದೆ, ಬಿಎಲ್‌ಎಸ್ (ಹೃದಯ, ಉಸಿರು ನಿಂತಾಗ ಜೀವ ಉಳಿಸುವ ತರಬೇತಿ) ಸರ್ಟಿಫಿಕೇಟಿನ ಅವಧಿ ಯಾವಾಗ ಮುಗಿಯುತ್ತದೆ, ಇವು ಮೊದಲ ಪುಟದಲ್ಲೇ ಇರಲಿ. ಅರ್ಜಿ ತೆರೆದ ದಿನವೇ ಹಾಕಿ. ಕೊನೆಯ ದಿನಾಂಕ ಇನ್ನೂ ಇದೆ ಅಂತ ಕೂತವರು, ಸಾಕಷ್ಟು ಅರ್ಜಿ ಬಂತು ಅಂತ ಮುಂಚೆಯೇ ಮುಚ್ಚಿದ ಪುಟವನ್ನು ನೋಡಬೇಕಾಗುತ್ತದೆ. ರೆಫರೆನ್ಸ್‌ಗೆ ಪ್ರಿನ್ಸಿಪಾಲರ ಹೆಸರಿಗಿಂತ, ನಿಮ್ಮನ್ನು ರೋಗಿಯ ಪಕ್ಕ ನೋಡಿದ ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಹೆಸರು ಮೇಲು. ಅವರನ್ನು ಮೊದಲೇ ಕೇಳಿ ಹೆಸರು ಹಾಕಿ. ಫೋನ್ ಮಾಡಿದಾಗ 'ಯಾರು?' ಅಂತ ಅವರು ತಡವರಿಸಿದರೆ ನಿಮಗೇ ನಷ್ಟ.

ವಾರ್ಡ್ ಆಯ್ಕೆ ಬಗ್ಗೆ ಒಂದು ಮಾತು. ಮುಕ್ಕಾಲುವಾಸಿ ಜನ ಐಸಿಯು, ಎಮರ್ಜೆನ್ಸಿ ಅಂತಲೇ ಬರೆಯುತ್ತಾರೆ. ಆಸೆ ಇದ್ದರೆ ಖಂಡಿತ ಬರೆಯಿರಿ. ಆದರೆ ಎರಡನೇ ಜಾಗದಲ್ಲಿ ಮೆಡಿಕಲ್ ಅಥವಾ ಸರ್ಜಿಕಲ್ ವಾರ್ಡ್ ಇರಲಿ. ಐದಾರು ರೋಗಿಗಳನ್ನು ಒಟ್ಟಿಗೆ ತೂಗಿಸಿಕೊಂಡು ಹೋಗುವುದು, ಯಾರನ್ನು ಮೊದಲು ನೋಡಬೇಕು ಅಂತ ಅಂದಾಜು ಮಾಡುವುದು, ಇದನ್ನು ಕಲಿಸಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ನನ್ನ ವಾರ್ಡ್ ಅಂತ ಹೇಳುತ್ತಿಲ್ಲ, ನಿಜಕ್ಕೂ ನಂಬಿ ಹೇಳುತ್ತಿದ್ದೇನೆ.

ಇನ್ನು ಇಂಟರ್‌ವ್ಯೂ. ನಾನು ಬರೆಯಬೇಕು ಅಂದುಕೊಂಡ ಮುಖ್ಯ ವಿಷಯ ಇಲ್ಲಿದೆ.

ನಾವು ಒಬ್ಬ ರೋಗಿಯ ಕಥೆ ಹೇಳುತ್ತೇವೆ. ಕರುಳಿನ ಆಪರೇಷನ್ ಆಗಿ ಎರಡನೇ ದಿನ. ರಾತ್ರಿ 2 ಗಂಟೆ. ರೋಗಿ 'ಯಾಕೋ ಸರಿ ಅನ್ನಿಸ್ತಿಲ್ಲ ಸಿಸ್ಟರ್' ಅನ್ನುತ್ತಾರೆ. ಉಸಿರು ನಿಮಿಷಕ್ಕೆ 22, ಪಲ್ಸ್ 112, ಬಿಪಿ 104/62, ಜ್ವರ 38.3 ಡಿಗ್ರಿ ಸೆಲ್ಸಿಯಸ್, ಆಕ್ಸಿಜನ್ ಕೊಡದೆ ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಶೇಕಡಾ 95. ಪೂರ್ತಿ ಎಚ್ಚರ ಇದ್ದಾರೆ, ಸರಿಯಾಗಿ ಮಾತಾಡುತ್ತಿದ್ದಾರೆ. ಏನು ಮಾಡ್ತೀರಿ?

ಈ ಅಂಕಿಗಳನ್ನು ನಾವು ಸುಮ್ನೆ ಆರಿಸಿದ್ದಲ್ಲ. ಒಂದೊಂದನ್ನೇ ನೋಡಿದರೆ ಯಾವುದೂ ಹೆದರಿಸುವುದಿಲ್ಲ. ಜ್ವರ ಸ್ವಲ್ಪ, ಬಿಪಿ ಸ್ವಲ್ಪ ಕಮ್ಮಿ, ಪಲ್ಸ್ ಸ್ವಲ್ಪ ಜಾಸ್ತಿ. ಆದರೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ, ರೋಗಿ ಹದಗೆಡುತ್ತಿರುವುದನ್ನು ಮುಂಚೆಯೇ ಹಿಡಿಯುವ ನ್ಯೂಸ್-2 ಸ್ಕೋರಿನಲ್ಲಿ ಕೂಡಿ ನೋಡಿ. ಉಸಿರಿಗೆ 2, ಪಲ್ಸ್‌ಗೆ 2, ಬಿಪಿಗೆ 1, ಜ್ವರಕ್ಕೆ 1, ಸ್ಯಾಚುರೇಶನ್‌ಗೆ 1. ಒಟ್ಟು 7. ಆ ಸ್ಕೋರಿನಲ್ಲಿ 7 ಅಥವಾ ಅದಕ್ಕಿಂತ ಜಾಸ್ತಿ ಅಂದರೆ ತುರ್ತು, ತಡ ಮಾಡುವ ಹಾಗಿಲ್ಲ. ವಾರ್ಡಿನಲ್ಲಿ ರೋಗಿ ಕೈ ತಪ್ಪುವುದು ಹೆಚ್ಚಾಗಿ ಹೀಗೇ. ಧಡಾರ್ ಅಂತ ಬೀಳುವುದಿಲ್ಲ, ಎಲ್ಲವೂ ಸ್ವಲ್ಪ ಸ್ವಲ್ಪ ಜಾರುತ್ತದೆ.

ಒಬ್ಬ ಹುಡುಗ ಈ ಪ್ರಶ್ನೆಗೆ ಗಡಗಡ ಅಂತ ಹೇಳಿದ. ಸೆಪ್ಸಿಸ್ (ಸೋಂಕಿಗೆ ಮೈ ವಿಪರೀತವಾಗಿ ಸ್ಪಂದಿಸಿ ಅಂಗಾಂಗ ಕೆಡುವುದು) ಇರಬಹುದು, ಲ್ಯಾಕ್ಟೇಟ್ ರಕ್ತಪರೀಕ್ಷೆಗೆ ಕಳಿಸಬೇಕು, ಆಂಟಿಬಯೋಟಿಕ್‌ಗೆ ಮುಂಚೆ ರಕ್ತದಲ್ಲಿ ಸೋಂಕು ಹುಡುಕುವ ಬ್ಲಡ್ ಕಲ್ಚರ್, ಒಂದು ಗಂಟೆಯೊಳಗೆ ಆಂಟಿಬಯೋಟಿಕ್. ಎಲ್ಲ ಸರಿ. ತುಂಬಾ ಓದಿದ್ದಾನೆ. ಆದರೆ ಅವನ ಉತ್ತರದಲ್ಲಿ ಅವನು ಯಾರಿಗೂ ಹೇಳಲೇ ಇಲ್ಲ. ರೋಗಿಯ ಹತ್ತಿರ ಹೋಗಲೂ ಇಲ್ಲ. ಅವನ ಕಥೆಯಲ್ಲಿ ಆ ರಾತ್ರಿ ಇಡೀ ವಾರ್ಡಿನಲ್ಲಿ ಅವನೊಬ್ಬನೇ ಇದ್ದ.

ಆಮೇಲೆ ಬಂದ ಹುಡುಗಿ ಒಂದು ಕ್ಷಣ ಸುಮ್ಮನಿದ್ದಳು. 'ಮೇಡಂ, ಮೊದಲು ರೋಗಿ ಹತ್ರ ಹೋಗ್ತೀನಿ. ಮಾತಾಡಿಸ್ತೀನಿ, ಹೊಟ್ಟೆ ನೋಡ್ತೀನಿ, ಗಾಯ, ಡ್ರೇನ್, ಯೂರಿನ್ ಎಷ್ಟು ಬಂದಿದೆ ನೋಡ್ತೀನಿ. ಬಿಪಿ ಇನ್ನೊಂದು ಸಲ ತಗೋತೀನಿ. ಸಂಜೆ ಎಷ್ಟಿತ್ತು ಅಂತ ಚಾರ್ಟ್ ನೋಡ್ತೀನಿ. ಆಮೇಲೆ ಸೀನಿಯರ್ ಸಿಸ್ಟರ್‌ನ ಕರೀತೀನಿ.'

'ಸೀನಿಯರ್ ಇನ್ನೊಂದು ರೋಗಿ ಹತ್ರ ಸಿಕ್ಕಿಹಾಕ್ಕೊಂಡಿದ್ದಾರಮ್ಮ' ಅಂದೆ.

'ಹಾಗಾದ್ರೆ ಅವರಿಗೆ ಅಲ್ಲೇ ಹೋಗಿ ಒಂದು ಮಾತು ಹೇಳಿ, ನಾನೇ ಡ್ಯೂಟಿ ಡಾಕ್ಟರ್‌ಗೆ ಫೋನ್ ಮಾಡ್ತೀನಿ.'

'ಡಾಕ್ಟರ್ ಬೆಳಿಗ್ಗೆ ನೋಡೋಣ ಅಂದ್ರು. ಈಗ?'

ಸ್ವಲ್ಪ ಯೋಚಿಸಿದಳು. ಧ್ವನಿ ಸಣ್ಣಗೆ ನಡುಗುತ್ತಿತ್ತು. 'ಬೆಳಿಗ್ಗೆವರೆಗೆ ಕಾಯೋಕಾಗಲ್ಲ ಡಾಕ್ಟರ್, ಸ್ಕೋರ್ 7 ಇದೆ, ನನಗೆ ಭಯ ಆಗ್ತಿದೆ ಅಂತ ಹೇಳ್ತೀನಿ ಮೇಡಂ. ಆಗಲೂ ಬರದಿದ್ರೆ ರ‍್ಯಾಪಿಡ್ ರೆಸ್ಪಾನ್ಸ್ ಟೀಮ್‌ಗೆ ಕಾಲ್ ಮಾಡ್ತೀನಿ. ರೋಗಿನ ಬಿಟ್ಟು ಹೋಗಲ್ಲ.'

ನಾನು ಪೆನ್ನು ಕೆಳಗಿಟ್ಟೆ. ಲ್ಯಾಕ್ಟೇಟ್ ಅಂತ ಅವಳು ಹೇಳಲೇ ಇಲ್ಲ. ಪರವಾಗಿಲ್ಲ, ಅದನ್ನು ನಾನು ಕಲಿಸುತ್ತೇನೆ. ನಡುಗುವ ಧ್ವನಿಯಲ್ಲೂ ದೊಡ್ಡವರಿಗೆ ಎರಡನೇ ಸಲ ಹೇಳುವ ಗಟ್ಟಿತನವನ್ನು ಕಲಿಸುವುದು ಬಹಳ ಕಷ್ಟ. ನರ್ಸ್ ಹೇಗೆ ಪಳಗುತ್ತಾರೆ ಅಂತ ಬರೆದ ಪೆಟ್ರೀಷಿಯಾ ಬೆನರ್ ಐದು ಹಂತಗಳನ್ನು ಗುರುತಿಸಿದ್ದಾರೆ. ಒಂದೇ ಥರದ ವಾರ್ಡಿನಲ್ಲಿ ಎರಡು ಮೂರು ವರ್ಷ ಕೆಲಸ ಮಾಡಿದವರು 'ಸಮರ್ಥರು' ಅನ್ನುವ ಮೂರನೇ ಹಂತಕ್ಕೆ ಬರುತ್ತಾರೆ ಅನ್ನುವುದು ಅವರ ಲೆಕ್ಕ. ಅಂದಮೇಲೆ ಇಂಟರ್‌ವ್ಯೂ ದಿನ ನಿಮಗೆ ಎಲ್ಲ ಗೊತ್ತಿರಬೇಕು ಅಂತ ನಾವ್ಯಾಕೆ ಕೇಳೋಣ? ಯಾವಾಗ ಕರೆಯಬೇಕು ಅಂತ ಗೊತ್ತಿದ್ದರೆ ನಿಮ್ಮ ಕೈಯಲ್ಲಿ ರೋಗಿಯನ್ನು ಬಿಡಬಹುದು.

ಕರೆಯುವುದಕ್ಕೂ ಒಂದು ರೀತಿ ಇದೆ. ಎಸ್‌ಬಿಎಆರ್ ಅಂತ ಎಲ್ಲರೂ ಕಾಲೇಜಿನಲ್ಲಿ ಬರೆದು ಪಾಸಾಗಿರುತ್ತೀರಿ. ಈಗ ಏನಾಗಿದೆ, ಹಿನ್ನೆಲೆ ಏನು, ನನಗೇನು ಅನ್ನಿಸುತ್ತದೆ, ಏನು ಮಾಡಬೇಕು, ಈ ಕ್ರಮದಲ್ಲಿ ಹೇಳುವುದು. ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ಗಳಲ್ಲಿ ಇದ್ದ ಪದ್ಧತಿ ಅದು. 2000ರ ದಶಕದ ಶುರುವಿನಲ್ಲಿ ಅಲ್ಲಿನ ಆರೋಗ್ಯ ಸೇವಾ ಸಂಸ್ಥೆ ಕೈಸರ್ ಪರ್ಮನೆಂಟೆಯ ಡಾ. ಮೈಕಲ್ ಲೆನರ್ಡ್ ಮತ್ತು ಜೊತೆಗಾರರು ಅದನ್ನು ಆಸ್ಪತ್ರೆಗೆ ತಂದರು. ಆದರೆ ಇಂಟರ್‌ವ್ಯೂನಲ್ಲಿ ಅಕ್ಷರ ಬಿಡಿಸಿ ಹೇಳುವವರು ಜಾಸ್ತಿ, ಫೋನ್ ಹಿಡಿದ ಹಾಗೆ ಮಾತಾಡಿ ತೋರಿಸುವವರು ಕಮ್ಮಿ. ಹೀಗೆ ಹೇಳಿ ನೋಡಿ: 'ಡಾಕ್ಟರ್, ಸರ್ಜಿಕಲ್ ವಾರ್ಡಿಂದ ನರ್ಸ್ ಮಾತಾಡ್ತಿರೋದು. 12ನೇ ಬೆಡ್ ರೋಗಿಯ ಸ್ಕೋರ್ ಈಗ 7, ಸಂಜೆ 2 ಇತ್ತು. ಕರುಳಿನ ಆಪರೇಷನ್ ಆಗಿ ಎರಡನೇ ದಿನ. ಉಸಿರು 22, ಪಲ್ಸ್ 112, ಬಿಪಿ 104/62, ಜ್ವರ 38.3, ಆಕ್ಸಿಜನ್ ಇಲ್ಲದೆ ಸ್ಯಾಚುರೇಶನ್ 95. ಹೊಟ್ಟೆ ಗಟ್ಟಿಯಾಗಿದೆ. ಇನ್ಫೆಕ್ಷನ್ ಇರಬಹುದು ಅನ್ನಿಸ್ತಿದೆ. ನೀವು ಈಗಲೇ ಬಂದು ನೋಡ್ಬೇಕು. ಬರೋಷ್ಟರಲ್ಲಿ ಬ್ಲಡ್ ಕಲ್ಚರ್ ತೆಗೆದಿಡ್ಲಾ?' ಅರ್ಧ ನಿಮಿಷವೂ ಆಗುವುದಿಲ್ಲ. ರೂಮಿನಲ್ಲಿ ಬಾಗಿಲು ಹಾಕಿಕೊಂಡು ಜೋರಾಗಿ ಹೇಳಿ ರೂಢಿ ಮಾಡಿಕೊಳ್ಳಿ. ಮನಸ್ಸಿನಲ್ಲಿ ಹೇಳಿಕೊಂಡಿದ್ದು ಪ್ಯಾನೆಲ್ ಮುಂದೆ ಬಾಯಿಗೆ ಬರುವುದಿಲ್ಲ.

ಬೇರೆ ಪ್ರಶ್ನೆಗಳೂ ಇದೇ ದಾರಿಯವು. ರಕ್ತ ಹಾಕಲು ಶುರು ಮಾಡಿ ಹತ್ತು ನಿಮಿಷಕ್ಕೆ ರೋಗಿಗೆ ಚಳಿ, ಸೊಂಟ ನೋವು ಬಂದರೆ? 'ಸ್ಪೀಡ್ ಕಮ್ಮಿ ಮಾಡ್ತೀನಿ' ಅನ್ನಬೇಡಿ. ಮೊದಲು ನಿಲ್ಲಿಸಿ. ಹೊಸ ಸೆಟ್‌ನಲ್ಲಿ ನಾರ್ಮಲ್ ಸಲೈನ್ ಹಾಕಿ ಲೈನ್ ಉಳಿಸಿಕೊಳ್ಳಿ, ಅಲ್ಲೇ ನಿಂತು ಸಹಾಯಕ್ಕೆ ಕರೆಯಿರಿ, ಬ್ಯಾಗ್ ಮತ್ತು ರೋಗಿಯ ಗುರುತು ಮತ್ತೆ ತಾಳೆ ನೋಡಿ, ಬ್ಯಾಗ್ ಎಸೆಯಬೇಡಿ. ನಾಲ್ಕು ರೋಗಿಗಳು ಒಟ್ಟಿಗೆ ಕರೆದರೆ ಯಾರ ಹತ್ತಿರ ಮೊದಲು? ಥೈರಾಯ್ಡ್ ಆಪರೇಷನ್ ಆದವರು ಉಸಿರಾಡುವಾಗ ಗೊರ ಗೊರ ಸದ್ದು ಬರುತ್ತಿದ್ದರೆ ಉಳಿದ ಮೂವರು ಕಾಯಬಹುದು. ಯಾಕೆ ಅಂತಲೂ ಒಂದು ಮಾತಿನಲ್ಲಿ ಹೇಳಿ, ಅಷ್ಟು ಸಾಕು.

'ತಪ್ಪು ಆಗುವುದರಲ್ಲಿತ್ತು, ತಪ್ಪಿತು. ಅಂಥದ್ದೊಂದು ಹೇಳಿ' ಅಂತ ಕೇಳಿದರೆ ಬಹಳ ಮಕ್ಕಳು ಹೆದರಿ 'ನನಗೆ ಆ ಥರ ಏನೂ ಆಗಿಲ್ಲ' ಅನ್ನುತ್ತಾರೆ. ನಂಬಲು ಕಷ್ಟ. ಒಬ್ಬಳು ಹೇಳಿದ್ದು ನೆನಪಿದೆ. ಪಕ್ಕಪಕ್ಕದ ಹಾಸಿಗೆಯಲ್ಲಿ ಒಂದೇ ಹೆಸರಿನ ಇಬ್ಬರು. ಇಬ್ಬರಿಗೂ ಇನ್ಸುಲಿನ್, ಡೋಸ್ ಬೇರೆ ಬೇರೆ. ಸಿರಿಂಜ್ ಹಿಡಿದು ಹೋದವಳು ಕೈಗೆ ಕಟ್ಟಿದ ಬ್ಯಾಂಡ್ ಓದಿದಾಗ ನಂಬರ್ ತಾಳೆ ಆಗಲಿಲ್ಲ. ವಾಪಸ್ ಬಂದು ಸಿಸ್ಟರ್‌ಗೆ ಹೇಳಿದಳು. ಇಬ್ಬರೂ ಸೇರಿ ಎರಡು ಫೈಲ್ ಮೇಲೂ 'ಒಂದೇ ಹೆಸರು, ಎಚ್ಚರ' ಅಂತ ಸ್ಟಿಕರ್ ಅಂಟಿಸಿದರು. ಎಷ್ಟು ಸಣ್ಣ ಘಟನೆ! ಆದರೆ ಅದರಲ್ಲಿ ಎಲ್ಲ ಇತ್ತು. ನೋಡಿದಳು, ನಿಂತಳು, ಹೇಳಿದಳು, ಮುಂದೆ ಯಾರಿಗೂ ಹಾಗಾಗದ ಹಾಗೆ ಏನೋ ಮಾಡಿದಳು. ಇಂಥವು ನಿಮ್ಮ ಹತ್ತಿರವೂ ಇರುತ್ತವೆ. ಪೋಸ್ಟಿಂಗ್ ನಡೆಯುವಾಗಲೇ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ರೋಗಿಯ ಹೆಸರು, ಗುರುತು ಯಾವುದೂ ಬೇಡ. ಇಂಟರ್‌ವ್ಯೂನಲ್ಲಿ ರೋಗಿಯ ಹೆಸರು ಬಾಯಿಬಿಟ್ಟರೆ ಅಲ್ಲಿಗೆ ಮುಗಿಯಿತು.

ಕೊನೆಗೆ 'ನೀವೇನಾದ್ರೂ ಕೇಳೋದಿದೆಯಾ?' ಅನ್ನುತ್ತೇವೆ. 'ಇಲ್ಲ ಮೇಡಂ' ಅಂತ ಎದ್ದು ಹೋಗಬೇಡಿ, ದಯವಿಟ್ಟು. ನಿಮ್ಮ ಹಕ್ಕಿನ ಜಾಗ ಅದು. ಎಷ್ಟು ವಾರ ಪ್ರೆಸೆಪ್ಟರ್ ಜೊತೆ ಇರುತ್ತೇನೆ? ಆ ವಾರಗಳಲ್ಲಿ ನನ್ನನ್ನು ಡ್ಯೂಟಿ ಲೆಕ್ಕಕ್ಕೆ ಹಿಡಿಯುತ್ತೀರಾ, ಇಲ್ಲಾ ಹೆಚ್ಚುವರಿಯಾಗಿ ಇರುತ್ತೇನಾ? ಅವರು ರಜೆ ಹಾಕಿದ ದಿನ ನನ್ನ ಜೊತೆ ಯಾರು? ಮೊದಲ ನೈಟ್ ಡ್ಯೂಟಿ ಯಾವಾಗ, ಒಬ್ಬರು ನರ್ಸ್‌ಗೆ ಎಷ್ಟು ರೋಗಿಗಳು? ಈ ಪ್ರಶ್ನೆ ಕೇಳಿದವರ ಬಗ್ಗೆ ನನಗೆ ಗೌರವ ಜಾಸ್ತಿಯೇ ಆಗುತ್ತದೆ. ಪ್ಯಾನೆಲ್ ಮುಖ ಮುಖ ನೋಡಿಕೊಂಡು ಉತ್ತರ ಹಾರಿಸಿದರೆ, ಅಲ್ಲಿ ಕೆಲಸ ಸಿಕ್ಕರೂ ಎರಡು ಸಲ ಯೋಚಿಸಿ. ಕಲಿಸುವವರಿಲ್ಲದ ಕಡೆ ಹೊಸಬರನ್ನು ನಿಲ್ಲಿಸುವುದು ರೋಗಿಗೂ ಅನ್ಯಾಯ, ಆ ಮಗುವಿಗೂ ಅನ್ಯಾಯ. ಇದನ್ನು ನಾನು ನಮ್ಮ ಮೀಟಿಂಗ್‌ಗಳಲ್ಲೂ ಹೇಳುತ್ತೇನೆ, ಹೇಳುತ್ತಲೇ ಇರುತ್ತೇನೆ.

ಆಯ್ಕೆ ಆಗದಿದ್ದರೆ? ಅಳು ಬಂದರೆ ಅಳಿ. ಆಮೇಲೆ ಒಂದು ಚಿಕ್ಕ ಮೇಲ್ ಹಾಕಿ, ಸಮಯ ಕೊಟ್ಟಿದ್ದಕ್ಕೆ ವಂದನೆ ಹೇಳಿ, ಯಾವುದರಲ್ಲಿ ಸುಧಾರಿಸಬೇಕು ಅಂತ ಕೇಳಿ. ಎಲ್ಲರೂ ಉತ್ತರ ಕೊಡುವುದಿಲ್ಲ, ಕೊಡುವವರೂ ಇದ್ದಾರೆ. ನಾನು ಕೊಡುತ್ತೇನೆ. ಮುಂದಿನ ಬ್ಯಾಚಿಗೆ ಮತ್ತೆ ಅರ್ಜಿ ಹಾಕಿ, ಹಾಕಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಅಲ್ಲಿಯವರೆಗೆ ಸಣ್ಣ ಆಸ್ಪತ್ರೆ, ಡಯಾಲಿಸಿಸ್ ಸೆಂಟರ್, ವೃದ್ಧರ ಆರೈಕೆ ಕೇಂದ್ರ, ಎಲ್ಲಿ ರೋಗಿಗಳು ಕೈಗೆ ಸಿಗುತ್ತಾರೋ ಅಲ್ಲಿ ಸೇರಿಕೊಳ್ಳಿ. ವಯಸ್ಸಾದವರನ್ನು ನೋಡಿಕೊಂಡು ಬಂದವರ ಕಣ್ಣು ಬೇರೆಯೇ ಇರುತ್ತದೆ. ಹಾಸಿಗೆ ಹುಣ್ಣಿನ ಸುಳಿವಾಗಿ ಬೆನ್ನಿನ ಚರ್ಮ ಸ್ವಲ್ಪ ಕೆಂಪಾಗಿದ್ದರೂ ಅವರಿಗೆ ಕಾಣುತ್ತದೆ, ಬೆರಳಿಟ್ಟು ಒತ್ತಿ ನೋಡಿ ಬಿಳಿಯಾಗುತ್ತದಾ ಅಂತ ಪರೀಕ್ಷಿಸುತ್ತಾರೆ, ಯಾರೂ ಹೇಳದೆಯೇ ಮಗ್ಗುಲು ಬದಲಾಯಿಸುತ್ತಾರೆ. ಈ ಸಲ ನಾವು ತಗೊಂಡವರಲ್ಲಿ ಅಂಥವಳೊಬ್ಬಳಿದ್ದಾಳೆ. ಹಿಂದಿನ ಬ್ಯಾಚಿನಲ್ಲಿ ಅವಳ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಮುಂದಿನ ಸೋಮವಾರ ನನ್ನ ವಾರ್ಡಿಗೆ ಬರುತ್ತಿದ್ದಾಳೆ. ಅವಳ ಪ್ರೆಸೆಪ್ಟರ್ ಯಾರು ಅಂತ ಇವತ್ತೇ ರೋಸ್ಟರ್‌ನಲ್ಲಿ ಬರೆದಿಟ್ಟಿದ್ದೇನೆ.